ಅಲಾರಂ ಕೂಗಿತು, ಕೂಸು ಏಳಲಿಲ್ಲ

ರಾಯದುರ್ಗ ಸೀಮೆಯವನಾದ ನನಗೆ ಉಗ್ಗಾಣಿ ಇಲ್ಲದೆ ಬೆಳಗಾಗುವುದಿಲ್ಲ. ಬಳ್ಳಾರಿ ಕಡೆ ಇದನ್ನೇ ಒಗ್ಗರಣಿ ಮಂಡಕ್ಕಿ ಅಂತಾರೆ. ನಮ್ಮಲ್ಲಿ ತೆಲುಗು ಮನೆಯಿರಲಿ, ಕನ್ನಡ ಮನೆಯಿರಲಿ, ಬೊರುಗುಲು ನೆನೆಸಿ ಮೆಣಸಿನಕಾಯಿ ಹಾಕಿ ಒಗ್ಗರಿಸಿದರೆ ಅದು ಉಗ್ಗಾಣಿಯೇ. ಈ ಉಗ್ಗಾಣಿಯಿಂದ 2023ರಲ್ಲಿ ಅಮೆರಿಕದ ಒಂದು ಮನೆಯಲ್ಲಿ ನಡುರಾತ್ರಿ ಎಲ್ಲರೂ ಎದ್ದು ಕೂತ ಕಥೆಯಿದು. ಎಲ್ಲರೂ ಅಂದೆನಲ್ಲ, ತಪ್ಪು. ಒಬ್ಬ ಏಳಲಿಲ್ಲ. ಅವನಿಗೋಸ್ಕರವೇ ಈ ಬರಹ.

ನನ್ನ ಮಗಳು, ಅಳಿಯ ಇರುವುದು ಒಹಾಯೋ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದ ನಾನು ವಿಮಾನ ಹತ್ತಿದ್ದು ಅದೇ ಮೊದಲು. ಹೋದ ಮೊದಲ ವಾರ ನನಗೂ ನಮ್ಮಾಕೆಗೂ ಹಗಲು ರಾತ್ರಿ ಅದಲುಬದಲು. ಅಲ್ಲಿ ನಡುರಾತ್ರಿ ಎರಡು ಗಂಟೆ ಅಂದರೆ ನಮ್ಮ ಹೊಟ್ಟೆಗೆ ಇಲ್ಲಿನ ಹೊತ್ತೇರಿದ ಹಸಿವು. ಮೂರನೇ ರಾತ್ರಿ ತಡೆಯಲಾರದೆ ನಮ್ಮಾಕೆ, "ಏನ್ರೀ, ಬೊರುಗುಲು ಪಾಕೀಟು ಐತೆ. ಸದ್ದಾಗದಂಗೆ ಒಂದೀಟು ಉಗ್ಗಾಣಿ ಮಾಡ್ಲೇನು?" ಅಂದಳು. ಮಾಡು ಅಂದೆ. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಬಿತ್ತು. ಘಾಟು ಎದ್ದಿದ್ದೇ ತಡ, ಮನೆಯ ಸೂರುಗಳೆಲ್ಲ ಒಟ್ಟಿಗೆ ಕಿರುಚತೊಡಗಿದವು.

ಅದು ಸ್ಮೋಕ್ ಅಲಾರಂ. ಹೊಗೆ ಕಂಡರೆ ಕೂಗುವ ಡಬ್ಬಿ. ಆ ದೇಶದಲ್ಲಿ ಮನೆಮನೆಗೂ ಉಂಟು. ಮಗಳ ಮನೆಯಲ್ಲಿ ಕೋಣೆಗೊಂದರಂತೆ ಸೂರಿಗೆ ಬಡಿದಿದ್ದಾರೆ. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಒಂದಕ್ಕೊಂದು ವೈರು. ಕಿವಿಯಲ್ಲಿ ಸೂಜಿ ಚುಚ್ಚಿದಂಥ ದನಿ. ಮಗಳು ಓಡಿ ಬಂದಳು, ಅಳಿಯ ಟವಲು ಬೀಸುತ್ತಾ ಬಂದ, ಪಕ್ಕದ ಮನೆ ನಾಯಿ ಬೊಗಳಿತು. ನಮ್ಮಾಕೆ ಸೌಟು ಹಿಡಿದು ಅಳುವ ಮುಖ ಮಾಡಿ ನಿಂತಿದ್ದಳು. ಕಿಟಕಿ ತೆಗೆದು, ಟವಲು ಬೀಸಿ, ಎಲ್ಲ ಸುಮ್ಮನಾಗುವ ಹೊತ್ತಿಗೆ ಮೂರು ನಾಲ್ಕು ನಿಮಿಷವಾದರೂ ಆಗಿತ್ತು.

ಆಗ ನೆನಪಾಯಿತು, ಮೊಮ್ಮಗ ಎಲ್ಲಿ? ಓಡಿ ಹೋಗಿ ನೋಡಿದೆ. ಆರು ವರ್ಷದ ಹುಡುಗ. ಅವನ ಮಂಚದ ನೇರಕ್ಕೇ, ಐದಾರು ಅಡಿ ಮೇಲೆ, ಒಂದು ಡಬ್ಬಿ ಅಷ್ಟೂ ಹೊತ್ತು ಕಿರುಚಿತ್ತು. ಹುಡುಗ ಬಾಯಿ ತೆರೆದುಕೊಂಡು ಮಲಗಿದ್ದ. ನಾನು ದೀಪ ಹಾಕಿದಾಗ ಒಂದು ಮಗ್ಗುಲು ತಿರುಗಿದ, ಅಷ್ಟೆ. ಬೆಳಿಗ್ಗೆ ಎದ್ದು, "ತಾತಾ, ನನ್ನ ಬಿಟ್ಟು ಉಗ್ಗಾಣಿ ತಿಂದ್ರಾ?" ಅಂತ ಕೇಳಿದ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ.

1976ರ ಆ ರಾತ್ರಿ

ಯಾಕೆ ಬರಲಿಲ್ಲ ಅಂದರೆ ನಲವತ್ತೇಳು ವರ್ಷ ಹಿಂದಕ್ಕೆ ಹೋಗಬೇಕು. 1976ರ ಮಾತು. ನನಗೆ ಎಂಟು ವರ್ಷ, ತಮ್ಮನಿಗೆ ಐದು. ಹಗರಿ ಹೊಳೆಯ ಈಚೆ ದಡದ ನಮ್ಮೂರಲ್ಲಿ ನಮ್ಮದು ಜೋಳದ ಸೊಪ್ಪೆ ಹೊದಿಸಿದ ಗುಡಿಸಲು. ಶೇಂಗಾ ಕಿತ್ತು ಕಣಕ್ಕೆ ಹಾಕಿದ ಕಾಲ, ಅಪ್ಪ ಕಾವಲಿಗೆ ಕಣದಲ್ಲಿ ಮಲಗಿದ್ದ. ಅವ್ವ ತನ್ನ ತಂಗಿಯ ಬಾಣಂತನಕ್ಕೆಂದು ಮೊಳಕಾಲ್ಮೂರು ಕಡೆಯ ತವರಿಗೆ ಹೋಗಿದ್ದಳು. ಚಳಿಯೆಂದು ಅಜ್ಜಿ ನಮ್ಮಿಬ್ಬರನ್ನೂ ಒಳಗೇ ಮಲಗಿಸಿಕೊಂಡಿದ್ದಳು. ಬುಡ್ಡಿ ದೀಪ ಉರುಳಿತೋ, ಒಲೆಯ ಕೆಂಡ ಹಾರಿತೋ, ಇವತ್ತಿಗೂ ಗೊತ್ತಿಲ್ಲ.

ಊರವರು ಹೇಳುತ್ತಿದ್ದುದು ಇಷ್ಟು: ಬೆಂಕಿ ಕಂಡು ಕೇರಿ ಕೇರಿಯೇ ಎದ್ದು ಬಂತು, ಕೂಗಿದರು, ತಾಂಬಾಳ ಬಡಿದರು, ನಾಯಿಗಳೆಲ್ಲ ಬೊಗಳಿದವು. ಅಜ್ಜಿಗೆ ಎಚ್ಚರವಾಗಿ, ಬಾಗಿಲ ಬಳಿ ಮಲಗಿದ್ದ ನನ್ನ ಕಾಲು ಹಿಡಿದು ದರದರ ಎಳೆದು ಹೊರಗೆ ಹಾಕಿದಳು. ನನಗೆ ಅದೊಂದೂ ನೆನಪಿಲ್ಲ. ನೆನಪಿರುವುದು ಬೇವಿನ ಮರದ ಕೆಳಗೆ ಚಳಿ ಹತ್ತಿ ಕಣ್ಣು ಬಿಟ್ಟದ್ದು, ಎದುರಿಗೆ ಕೆಂಪಗೆ ಕಂಡದ್ದು. ತಮ್ಮ ಹೊರಳಿ ಹೊರಳಿ ಕಾಳಿನ ಗುಮ್ಮಿಯ ಮೂಲೆ ಸೇರಿದ್ದ. ಅಜ್ಜಿ ಕೈಯಾಡಿಸಿದರೆ ಸಿಗಲಿಲ್ಲ. ಕೂಗಿದರೆ ಓಗೊಡಲಿಲ್ಲ. ಪಕ್ಕದ ಮನೆಯ ಮಾವ ಕಂಬಳಿ ನೆನೆಸಿ ಹೊದ್ದು ನುಗ್ಗಿ ತಂದಾಗ ಅವನಲ್ಲಿ ಉಸಿರಿರಲಿಲ್ಲ. ಮೈಮೇಲೆ ಒಂದೇ ಒಂದು ಬೊಬ್ಬೆಯೂ ಇರಲಿಲ್ಲವಂತೆ. ಮಲಗಿದ ಹಾಗೆಯೇ ಇದ್ದನಂತೆ.

"ಊರೆಲ್ಲ ಕೂಗಿದರೂ ಏಳಲಿಲ್ಲ, ಎಂಥಾ ಕುಂಭಕರ್ಣನ ನಿದ್ದೆ ಬಂದಿತ್ತೋ ಅದಕ್ಕೆ" ಅಂತ ಬಂದವರೆಲ್ಲ ಅಂದರು. ಯಾರೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತು ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು. ಐದು ವರ್ಷದ ಕೂಸಿನ ನಿದ್ದೆಯೇ ಅವನ ತಪ್ಪು ಎಂಬಂತೆ. ನಾನೂ ಎದ್ದಿರಲಿಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ಬಾಗಿಲ ಬಳಿ ಮಲಗಿದ್ದೆ, ಅಜ್ಜಿಯ ಕೈಗೆ ನನ್ನ ಕಾಲು ಸಿಕ್ಕಿತು, ಉಳಿದೆ.

ಅವ್ವ ಮಾತ್ರ ಬೇರೆಯೇ ಅನ್ನುತ್ತಿದ್ದಳು. 2019ರಲ್ಲಿ ಕಣ್ಣು ಮುಚ್ಚುವವರೆಗೂ ಅದೊಂದೇ ಮಾತು: "ನಾನಿದ್ದು ಒಂದ್ಸಲ ಕರೆದಿದ್ರೆ ನನ್ನ ಕೂಸು ಏಳ್ತಿತ್ತು." ನಾವು ಸಮಾಧಾನ ಮಾಡುತ್ತಿದ್ದೆವು. "ಇಲ್ಲವ್ವಾ, ಊರೇ ಕೂಗಿತ್ತು. ನಿನ್ನದೊಂದು ಕೂಗಿನಿಂದ ಏನಾಗ್ತಿತ್ತು?" ಅಂತ. ಅವಳು ಒಪ್ಪುತ್ತಿರಲಿಲ್ಲ. ತಾಯಿ ಕರುಳು, ಹಾಗೇ ಅನ್ನುತ್ತದೆ ಅಂದುಕೊಂಡು ಸುಮ್ಮನಾಗುತ್ತಿದ್ದೆವು.

ಮಗಳು ಓದಿ ಹೇಳಿದ್ದು

ಆ ಉಗ್ಗಾಣಿ ರಾತ್ರಿ ಕಳೆದ ಮೇಲೆ ನಾನು ಮಗಳಿಗೆ ಇದನ್ನೆಲ್ಲ ಹೇಳಿದೆ. ಚಿಕ್ಕಪ್ಪ ಒಬ್ಬ ಇದ್ದ ಎಂಬುದು ಅವಳಿಗೆ ಗೊತ್ತಿತ್ತು, ಹೇಗೆ ಹೋದ ಎಂಬುದು ಪೂರ್ತಿ ಗೊತ್ತಿರಲಿಲ್ಲ. ಅವಳೂ ಹೆದರಿದಳು. ಹುಡುಕಿ ಓದತೊಡಗಿದಳು. ನೋಡಿದರೆ, ಅಲಾರಮ್ಮಿಗೆ ಮಕ್ಕಳು ಏಳುತ್ತಾರೋ ಇಲ್ಲವೋ ಅಂತ ಪರೀಕ್ಷೆ ಮಾಡಿದವರು ಅದೇ ಕೊಲಂಬಸ್ ಪಟ್ಟಣದಲ್ಲೇ ಇದ್ದಾರೆ. ನೇಷನ್‌ವೈಡ್ ಚಿಲ್ಡ್ರನ್ಸ್ ಎಂಬ ಮಕ್ಕಳ ಆಸ್ಪತ್ರೆ, ಅಲ್ಲಿನ ಡಾಕ್ಟರ್ ಗ್ಯಾರಿ ಸ್ಮಿತ್ ಮತ್ತು ಸಂಗಡಿಗರು.

2006ರಲ್ಲಿ ಅವರು ಪ್ರಕಟಿಸಿದ ಮೊದಲ ಪರೀಕ್ಷೆಯಲ್ಲಿ 24 ಮಕ್ಕಳು, 6ರಿಂದ 12 ವರ್ಷದವರು. ಗಾಢ ನಿದ್ದೆಯಲ್ಲಿರುವಾಗ ಒಮ್ಮೆ ಮಾಮೂಲಿ ಅಲಾರಂ ಕೂಗಿಸಿದರು. ಇನ್ನೊಮ್ಮೆ ಆ ಮಗುವಿನ ತಾಯಿಯ ದನಿಯನ್ನೇ ಮೊದಲು ಹಿಡಿದಿಟ್ಟು, ಹೆಸರು ಹಿಡಿದು ಕರೆದು, ಏಳು, ಹೊರಗೆ ಹೋಗು ಅಂತ ಹೇಳುವ ಅಲಾರಂ ಕೂಗಿಸಿದರು. ಮಾಮೂಲಿ ಅಲಾರಮ್ಮಿಗೆ ಎದ್ದವರು 14 ಮಂದಿ. ತಾಯಿಯ ದನಿಗೆ ಎದ್ದವರು 23 ಮಂದಿ. ಎದ್ದರೆ ಸಾಲದು, ಹೇಳಿಕೊಟ್ಟಂತೆ ಐದು ನಿಮಿಷದೊಳಗೆ ಕೋಣೆ ಬಿಟ್ಟು ಹೊರಗೂ ಬರಬೇಕಲ್ಲ? ಹಾಗೆ ಬಂದವರು ಅಲಾರಮ್ಮಿಗೆ 9, ತಾಯಿ ದನಿಗೆ 20. ಏಳಲು ಹಿಡಿದ ಹೊತ್ತು ನೋಡಿದರೆ ಅಲಾರಮ್ಮಿಗೆ ಸುಮಾರು ಮೂರು ನಿಮಿಷ, ತಾಯಿ ದನಿಗೆ ಸುಮಾರು 20 ಸೆಕೆಂಡು.

ಮಗಳು ಇದನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಿದ್ದರೆ ನಾನು ಎದ್ದು ಹೊರಗೆ ಹೋದೆ. ಅವ್ವನ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ನಲವತ್ತು ವರ್ಷಕ್ಕೂ ಮೇಲೆ ನಾವು ಅವಳಿಗೆ ಹೇಳಿದ್ದ ಸಮಾಧಾನ ಸುಳ್ಳಾಗಿತ್ತು.

2018ರಲ್ಲಿ ಅವರೇ 5ರಿಂದ 12 ವರ್ಷದ 176 ಮಕ್ಕಳ ಮೇಲೆ ಮತ್ತೆ ಪರೀಕ್ಷೆ ಮಾಡಿದ್ದನ್ನು ಪ್ರಕಟಿಸಿದರು. ಆಗಲೂ ಲೆಕ್ಕ ಹೆಚ್ಚುಕಮ್ಮಿ ಹಾಗೆಯೇ ಬಂತು. ಮಾಮೂಲಿ ಅಲಾರಮ್ಮಿಗೆ ನೂರಕ್ಕೆ 53 ಮಕ್ಕಳು ಎದ್ದರೆ, ತಾಯಿ ದನಿಗೆ ಹತ್ತಿರ ಹತ್ತಿರ 90. ಹೊರಗೆ ಬರಲು ಅಲ್ಲಿ ನಾಲ್ಕೂವರೆ ನಿಮಿಷಕ್ಕೂ ಮೇಲೆ, ಇಲ್ಲಿ ಅರ್ಧ ನಿಮಿಷದೊಳಗೆ. ಹೆಸರು ಹಿಡಿದು ಕರೆದರೂ ಕರೆಯದಿದ್ದರೂ ಅಂಥ ವ್ಯತ್ಯಾಸವೇನೂ ಕಾಣಲಿಲ್ಲವಂತೆ.

ಇದು ಅಮೆರಿಕದವರ ಮಾತು ಮಾತ್ರವಲ್ಲ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಡೊರೊಥಿ ಬ್ರಕ್ ಎಂಬ ವಿದ್ವಾಂಸೆ 1999ರಲ್ಲೇ 20 ಹುಡುಗ ಹುಡುಗಿಯರನ್ನು ಎರಡು ರಾತ್ರಿ ಪರೀಕ್ಷಿಸಿದ್ದರು. 17 ಮಂದಿ ಒಂದು ರಾತ್ರಿಯಾದರೂ ಅಲಾರಂ ಕೇಳದೆ ಮಲಗೇ ಇದ್ದರು.

ಇಂಗ್ಲೆಂಡಿನ ಕಥೆ ಇನ್ನೂ ಕರುಳು ಹಿಂಡುವಂಥದ್ದು. 2012ರ ಮೇ 11ರ ಬೆಳಗಿನ ಜಾವ ಡರ್ಬಿ ಪಟ್ಟಣದ ಒಂದು ಮನೆಗೆ ಬೆಂಕಿ ಬಿದ್ದು ಒಂದೇ ಮನೆಯ ಆರು ಮಕ್ಕಳು ಹೋದರು. ಬೆಂಕಿ ಇಟ್ಟವರು ಯಾರು ಎಂಬುದು ಆಮೇಲೆ ಕೋರ್ಟಿನಲ್ಲಿ ತೀರ್ಮಾನವಾಯಿತು, ಆ ಕಥೆ ನಮಗೆ ಇಲ್ಲಿ ಬೇಡ. ಆದರೆ ತನಿಖೆ ಮಾಡಿದ ಡರ್ಬಿಷೈರ್ ಅಗ್ನಿಶಾಮಕ ದಳದ ಡೇವ್ ಕಾಸ್ ಎಂಬ ಅಧಿಕಾರಿಯ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ಈ ಮಕ್ಕಳು ಯಾಕೆ ಏಳಲಿಲ್ಲ? ಅವರು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಪ್ರೊಫೆಸರ್ ನೀವ್ ನಿಕ್ ಡೇಡ್ ಅವರೊಂದಿಗೆ ಸೇರಿ 34 ಮಕ್ಕಳನ್ನು ಅವರವರ ಮನೆಯಲ್ಲೇ ಆರಾರು ರಾತ್ರಿ ಪರೀಕ್ಷಿಸಿದರು. 27 ಮಕ್ಕಳು ಒಂದು ರಾತ್ರಿಯೂ ಏಳಲಿಲ್ಲ. ಗಂಡುಮಕ್ಕಳು 14 ಮಂದಿಯಿದ್ದರು, ಅವರಲ್ಲಿ ಒಬ್ಬನೂ ಏಳಲಿಲ್ಲ. ಪ್ರತಿ ರಾತ್ರಿಯೂ ಎದ್ದವರು ಇಬ್ಬರೇ. ಆಮೇಲೆ ತಗ್ಗಿದ ದನಿಯ ಗಂಟೆಯ ಜೊತೆಗೆ, ಏಳು, ಮನೆಗೆ ಬೆಂಕಿ ಬಿದ್ದಿದೆ ಅಂತ ಒಬ್ಬ ಹೆಂಗಸು ಹೇಳುವ ದನಿ ಸೇರಿಸಿ 144 ಮಕ್ಕಳಿಗೆ ಕೇಳಿಸಿದರು. ಹತ್ತರಲ್ಲಿ ಒಂಬತ್ತು ಮಕ್ಕಳು ಎದ್ದರು. ಗಮನಿಸಿ, ಅದು ಆ ಮಕ್ಕಳ ಹೆತ್ತ ತಾಯಿಯ ದನಿಯಲ್ಲ. ಯಾರೋ ಒಬ್ಬ ಹೆಣ್ಣುಮಗಳ ದನಿ. 2017ರಲ್ಲಿ ಈ ಸಂಗತಿ ಹೊರಬಂತು.

ಕೂಸಿನ ನಿದ್ದೆ ಆಳದ ಬಾವಿ

ಹೀಗೇಕೆ? ಮಗಳು ಓದಿ ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಿದ್ದೆ ರಾತ್ರಿಯೆಲ್ಲ ಒಂದೇ ಸಮ ಇರುವುದಿಲ್ಲ. ಮೆಟ್ಟಿಲ ಬಾವಿಗೆ ಇಳಿದು ಹತ್ತಿದಂತೆ, ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಗಾಢ ನಿದ್ದೆ. ಮಕ್ಕಳು ಆ ಕೆಳಗಿನ ಮೆಟ್ಟಿಲಲ್ಲಿ ಕಳೆಯುವ ಹೊತ್ತು ಬಹಳ, ಅದರಲ್ಲೂ ಮಲಗಿದ ಮೊದಲ ಎರಡು ಮೂರು ತಾಸು. ಮೈ ಬೆಳೆಯಲು ಬೇಕಾದ ರಸ ಊರುವುದೂ ಅದೇ ಹೊತ್ತಿನಲ್ಲಿ. ಹೊಲಕ್ಕೆ ನೀರು ಕಟ್ಟಿದಾಗ ಮಡೆ ಮುಚ್ಚಿ ಕೂರುತ್ತೇವಲ್ಲ, ಹಾಗೆ ಬೆಳೆಯುವ ಮೈ ಹೊರಗಿನ ಸದ್ದಿಗೆಲ್ಲ ಬಾಗಿಲು ಮುಚ್ಚಿಕೊಂಡಿರುತ್ತದೆ. ವಯಸ್ಸಾದಂತೆ ಈ ಗಾಢ ನಿದ್ದೆ ಕರಗುತ್ತದೆ. ಅದಕ್ಕೇ ನನ್ನಂಥವನಿಗೆ ಬೆಕ್ಕು ನಡೆದರೂ ಎಚ್ಚರ.

ಇದು ನಮಗೆ ಗೊತ್ತಿಲ್ಲದ್ದಲ್ಲ. ಬಯಲಾಟದ ರಾತ್ರಿ ನೆನೆಸಿಕೊಳ್ಳಿ. ಮದ್ದಳೆ ಬಡಿಯುತ್ತಿರುತ್ತದೆ, ರಕ್ಕಸನ ಪಾತ್ರ ಅಟ್ಟ ಅದುರುವಂತೆ ಕುಣಿಯುತ್ತಿರುತ್ತದೆ, ಅಟ್ಟದ ಬುಡದಲ್ಲೇ ಚಾಪೆ ಹಾಸಿ ಮಕ್ಕಳು ಸತ್ತಂತೆ ಮಲಗಿರುತ್ತವೆ. ಅಪ್ಪ ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದದ್ದೂ ಬೆಳಿಗ್ಗೆ ನೆನಪಿರುವುದಿಲ್ಲ. ಅದನ್ನು ನೋಡಿ ನಕ್ಕಿದ್ದೇವೆ. ಬೆಂಕಿ ಬಿದ್ದ ರಾತ್ರಿಯೂ ಕೂಸು ಹೀಗೇ ಮಲಗಿರುತ್ತದೆ ಅಂತ ಯೋಚಿಸಿಲ್ಲ.

ಎರಡನೆಯದು ದನಿಯ ವಿಚಾರ. ಮಾಮೂಲಿ ಅಲಾರಮ್ಮಿನದು ಬಹಳ ಕೀಚು ದನಿ, ಮೂರು ಸಾವಿರ ಹರ್ಟ್ಸಿನ ಸುತ್ತಮುತ್ತ. ಎಚ್ಚರಿರುವವರ ಕಿವಿಗೆ ಅದು ಚುಚ್ಚುತ್ತದೆ, ಗಾಢ ನಿದ್ದೆಯಲ್ಲಿರುವ ಮಗುವಿಗೆ ಜೀರುಂಡೆ ಸದ್ದಿನಂತೆ ಹೊರಗೇ ಉಳಿದುಬಿಡುತ್ತದೆ. ಅದಕ್ಕಿಂತ ತಗ್ಗಿನ, 520 ಹರ್ಟ್ಸಿನ ದಪ್ಪ ದನಿ ಹೆಚ್ಚು ಜನರನ್ನು ಎಬ್ಬಿಸುತ್ತದೆ ಎಂಬುದು ಈಗ ತಿಳಿದಿದೆ. ಅಮೆರಿಕದ ಅಗ್ನಿ ಸುರಕ್ಷತೆಯ ಸಂಹಿತೆ 2014ರಿಂದ ಹೊಸ ಹೋಟೆಲು ಮುಂತಾದೆಡೆಯ ಮಲಗುವ ಕೋಣೆಗೆ ಈ ತಗ್ಗು ದನಿಯನ್ನೇ ಕೇಳುತ್ತದೆ. ಮನುಷ್ಯರ ಮಾತಿನಲ್ಲಿ ಇಂಥ ತಗ್ಗು ದನಿಯೂ ಉಂಟು, ಅರ್ಥವೂ ಉಂಟು.

ಮೂರನೆಯದು, ಎದ್ದರೂ ಬುದ್ಧಿ ತಿಳಿಯಾಗಲು ಹೊತ್ತು ಬೇಕು. ನಿದ್ದೆಗಣ್ಣಿನ ಮಗು ಕೂತಲ್ಲೇ ಕೂರುತ್ತದೆ, ಇಲ್ಲವೇ ಹೆದರಿ ಮಂಚದ ಕೆಳಗೋ ಬೀರು ಒಳಗೋ ಅಡಗುತ್ತದೆ. ಹೊಗೆ ಕಾಯುವುದಿಲ್ಲ.

ಹೊಗೆಯ ಮಾತು ಬಂತು. ವಾಸನೆಗೆ ಎಚ್ಚರವಾಗುತ್ತದೆ ಎಂದು ನಂಬಿದವರು ನಮ್ಮಲ್ಲಿ ಬಹಳ. ಅದೂ ನಿಜವಲ್ಲ. ಬ್ರೌನ್ ವಿಶ್ವವಿದ್ಯಾಲಯದವರು 2004ರಲ್ಲಿ ಮಲಗಿದವರ ಮೂಗಿಗೆ ಪುದೀನ ವಾಸನೆಯನ್ನೂ, ಒಂದು ಕೆಟ್ಟ ದುರ್ವಾಸನೆಯನ್ನೂ ಹಿಡಿದು ನೋಡಿದರು. ಗಾಢ ನಿದ್ದೆಯಲ್ಲಿದ್ದವರು ಏಳಲಿಲ್ಲ. ಮಲಗಿದ ಮೂಗು ಮಲಗಿಯೇ ಇರುತ್ತದೆ. ಮೇಲಾಗಿ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತಕ್ಕೆ ಸೇರಿ ಉಸಿರಿನ ದಾರಿ ಕಟ್ಟುತ್ತದೆ. ನಿದ್ದೆಯಲ್ಲಿದ್ದವನನ್ನು ಇನ್ನೂ ಕೆಳಕ್ಕೆ ಎಳೆಯುತ್ತದೆ. ನನ್ನ ತಮ್ಮನ ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ ಎಂದೆನಲ್ಲ, ಅದರ ಅರ್ಥ ನನಗೆ ತಿಳಿದದ್ದು ಐವತ್ತೈದನೇ ವಯಸ್ಸಿನಲ್ಲಿ.

ನಮ್ಮ ಮನೆಗಳ ಕಥೆ

ಇದೆಲ್ಲ ಅಮೆರಿಕ, ಇಂಗ್ಲೆಂಡಿನ ಮಾತು, ನಮಗೇಕೆ ಅಂತ ಓದುಗ ಬಂಧುಗಳು ಕೇಳಬಹುದು. ಸೊಪ್ಪೆ ಗುಡಿಸಲು ಹೋಗಿ ಈಗ ಆರ್‌ಸಿಸಿ ಮನೆ ಬಂದಿವೆ. ಆದರೆ ಬೆಂಕಿ ಮನೆ ಬಿಟ್ಟು ಹೋಗಿಲ್ಲ, ವೇಷ ಬದಲಿಸಿದೆ. ದಿಂಬಿನ ಕೆಳಗೆ ಚಾರ್ಜಿಗೆ ಇಟ್ಟ ಮೊಬೈಲು, ಹಾಸಿಗೆಗೆ ತಾಗಿದ ಸೊಳ್ಳೆ ಬತ್ತಿ, ನಡುಮನೆಯಲ್ಲಿ ರಾತ್ರಿಯೆಲ್ಲ ಚಾರ್ಜಾಗುವ ಬ್ಯಾಟರಿ ಗಾಡಿ. 2022ರ ಏಪ್ರಿಲ್‌ನಲ್ಲಿ ವಿಜಯವಾಡದ ಒಂದು ಮನೆಯಲ್ಲಿ ಮಲಗುವ ಕೋಣೆಯಲ್ಲೇ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಬ್ಯಾಟರಿ ಸಿಡಿದು ಮನೆಯ ಯಜಮಾನ ತೀರಿಹೋದ, ಹೆಂಡತಿ ಮಕ್ಕಳಿಗೆ ಸುಟ್ಟ ಗಾಯ.

ವ್ಯಾಪಾರಸ್ಥ ಬಂಧುಗಳಿಗೆ ಇನ್ನೊಂದು ನೆನಪು ಮಾಡುತ್ತೇನೆ. 2025ರ ಮೇ 18ರ ಭಾನುವಾರ ಬೆಳಿಗ್ಗೆ ಹೈದರಾಬಾದಿನ ಚಾರ್‌ಮಿನಾರ್ ಹತ್ತಿರದ ಗುಲ್ಜಾರ್ ಹೌಸಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 17 ಮಂದಿ ಹೋದರು. ಅವರಲ್ಲಿ 8 ಮಕ್ಕಳು. ಹೆಚ್ಚಿನವರ ಜೀವ ತೆಗೆದದ್ದು ಉರಿಯಲ್ಲ, ಹೊಗೆ. ಹೊರಬರಲು ಇದ್ದದ್ದು ಒಂದು ಇಕ್ಕಟ್ಟಾದ ದಾರಿ. ರಾಯದುರ್ಗ, ಆದೋನಿ, ಬಳ್ಳಾರಿ ಯಾವ ಪೇಟೆ ಬೀದಿಗೆ ಹೋದರೂ ಹೀಗೇ ಅಲ್ಲವೇ? ಕೆಳಗೆ ಅಂಗಡಿ, ಮೇಲೆ ಸಂಸಾರ, ನಡುವೆ ಒಬ್ಬರೇ ಹತ್ತುವ ಮೆಟ್ಟಿಲು, ಆ ಮೆಟ್ಟಿಲ ಮೇಲೂ ಸರಕು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಎಷ್ಟೋ ಮನೆಗಳಲ್ಲಿ ಬಟ್ಟೆ ರಾಶಿಯ ಪಕ್ಕದಲ್ಲೇ ಮಕ್ಕಳ ಹಾಸಿಗೆ. ಹಳ್ಳಿಯಲ್ಲಿ ನಮ್ಮದೇನು ಕಡಿಮೆ? ಮನೆಯ ಗೋಡೆಗೆ ಒತ್ತಿ ಮೇವಿನ ಬಣವೆ.

ಹಾಗಾದರೆ ನಾವೂ ಒಂದು ಡಬ್ಬಿ ತಂದು ಬಡಿದರೆ ಆಯಿತೇ? ಡಬ್ಬಿ ಒಳ್ಳೆಯದೇ, ಬೇಡ ಅನ್ನುವವನು ನಾನಲ್ಲ. ದೊಡ್ಡವರನ್ನು ಅದು ಎಬ್ಬಿಸುತ್ತದೆ, ಹೊಗೆ ತುಂಬುವ ಮೊದಲೇ ಎಬ್ಬಿಸುತ್ತದೆ. ಸೌದೆ ಒಲೆಯ ಅಡಿಗೆಮನೆಯಲ್ಲಿ ಹಾಕಿದರೆ ಮಾತ್ರ ಹೊತ್ತು ಹೊತ್ತಿಗೂ ಕೂಗಿ, ನಾವೇ ಬೇಸತ್ತು ಅದರ ಸೆಲ್ಲು ಕಿತ್ತು ಟಾರ್ಚಿಗೆ ಹಾಕುತ್ತೇವೆ. ಮಲಗುವ ಕೋಣೆಗೆ, ಅದರ ಹೊರಗಿನ ಪಡಸಾಲೆಗೆ, ಮಾಳಿಗೆ ಮನೆಯಾದರೆ ಮೆಟ್ಟಿಲ ನೆತ್ತಿಗೆ ಹಾಕಬೇಕು. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು. ಹತ್ತು ವರ್ಷಕ್ಕೆ ಡಬ್ಬಿಯನ್ನೇ ಬದಲಿಸಬೇಕು.

ಆದರೆ ಡಬ್ಬಿ ಇದೆ, ಮಕ್ಕಳು ಎದ್ದು ಬರುತ್ತಾರೆ ಅಂತ ಮಾತ್ರ ನಂಬಬೇಡಿ. ಡಬ್ಬಿ ಕೂಗುವುದು ನಮಗೆ. ಮಕ್ಕಳನ್ನು ಎಬ್ಬಿಸುವವರು, ಎತ್ತಿಕೊಂಡು ಬರುವವರು ನಾವು.

ಯಾರು ಯಾರನ್ನು ಎತ್ತಬೇಕು

ಕೊಲಂಬಸ್ಸಿನಲ್ಲಿ ನಾವು ಒಂದು ಸಂಜೆ ಕೂತು ಮಾತಾಡಿ ಕೆಲವು ವಿಷಯ ತೀರ್ಮಾನ ಮಾಡಿಕೊಂಡೆವು. ಊರಿಗೆ ಬಂದ ಮೇಲೆ ನಮ್ಮ ಮನೆಯಲ್ಲೂ ಅದನ್ನೇ ಮಾಡಿದೆ. ಇಲ್ಲಿ ದೊಡ್ಡ ಮಗನ ಎರಡು ಮಕ್ಕಳು ನಮ್ಮೊಡನೆ ಇವೆ.

ಮೊದಲನೆಯದು, ರಾತ್ರಿ ಏನಾದರೂ ಆದರೆ ಯಾವ ಮಗುವನ್ನು ಯಾರು ಎತ್ತಬೇಕು ಎಂಬುದು ಹಗಲೇ ಗೊತ್ತಾಗಿರಬೇಕು. ಅವರು ತರುತ್ತಾರೆ ಅಂತ ಇವರು, ಇವರು ತರುತ್ತಾರೆ ಅಂತ ಅವರು ಹೊರಗೆ ಓಡಿಬಂದರೆ ಮಗು ಒಳಗೇ. ನಮ್ಮಲ್ಲಿ ದೊಡ್ಡವಳು ಮಗನ ಪಾಲು, ಚಿಕ್ಕವನು ಸೊಸೆಯ ಪಾಲು. ಅವರು ಊರಲ್ಲಿಲ್ಲದ ದಿನ ಮಲಗುವ ಮುಂಚೆ ಪಾಲು ಬದಲಿಸಿ ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ.

ಎರಡನೆಯದು, ಮಕ್ಕಳು ಮಲಗುವ ಜಾಗ. ದೊಡ್ಡವರ ಕೈಗೆ ಸಿಗುವಷ್ಟು ಹತ್ತಿರ, ಬಾಗಿಲಿಗೆ ಹೋಗುವ ದಾರಿಯಲ್ಲಿ ಏನೂ ಅಡ್ಡವಿಲ್ಲದಂತೆ. ಬೇರೆ ಕೋಣೆಯಲ್ಲಿ ಮಲಗಿಸುವವರು ಆ ಕೋಣೆಯ ಬಾಗಿಲು ಮುಚ್ಚಿಡಬೇಕು. ಹೊರಗಿನ ಹೊಗೆ ಒಳನುಗ್ಗುವುದು ತಡವಾಗುತ್ತದೆ. ಚಿಲಕ ಮಾತ್ರ ಹಾಕಬಾರದು.

ಮೂರನೆಯದು, ತಲೆಬಾಗಿಲಿಗೆ ಒಳಗಿನಿಂದ ಬೀಗ ಜಡಿಯುವವರು ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೇ ಹಾಕಬೇಕು. ಕತ್ತಲಲ್ಲಿ, ಹೊಗೆಯಲ್ಲಿ ತಡಕಿದರೂ ಸಿಗಬೇಕು.

ನಾಲ್ಕನೆಯದು, ಹೊಗೆ ಮೇಲೆ ಕಟ್ಟುತ್ತದೆ, ಒಳ್ಳೆ ಗಾಳಿ ನೆಲದ ಹತ್ತಿರ ಇರುತ್ತದೆ. ಬಗ್ಗಿ, ಅಂಬೆಗಾಲಿಟ್ಟು ಹೋಗಬೇಕು. ಇದನ್ನು ಮಕ್ಕಳಿಗೆ ಆಟದಂತೆ ಕಲಿಸಿ, ಸಂತೋಷವಾಗಿ ಕಲಿಯುತ್ತವೆ. ಅಡಗಿಕೊಳ್ಳಬಾರದು ಎಂಬುದನ್ನೂ ಹೇಳಿ.

ಐದನೆಯದು, ಹೊರಗೆ ಬಂದು ಎಲ್ಲರೂ ಸೇರುವ ಒಂದು ಗುರುತಿನ ಜಾಗ. ನಮ್ಮದು ಅದೇ ಬೇವಿನ ಮರ, ಇನ್ನೂ ಇದೆ. ಅಲ್ಲಿ ತಲೆ ಎಣಿಸಬೇಕು. 1976ರಲ್ಲಿ ತಲೆ ಎಣಿಸುವವರು ಯಾರೂ ಇರಲಿಲ್ಲ. ಎಣಿಸಿದ ಮೇಲೆ 101ಕ್ಕೋ 112ಕ್ಕೋ ಫೋನು. ಗಡಿಯ ಆಚೆಯಿರಲಿ ಈಚೆಯಿರಲಿ ಈ ನಂಬರು ಒಂದೇ.

ಆರನೆಯದು, ಕರೆಯಬೇಕು. ಅಯ್ಯೋ ಬೆಂಕಿ ಅಂತ ಊರಿಗೆ ಕೇಳುವಂತೆ ಅರಚುವುದು ಬೇರೆ, ಮಗುವಿನ ಹತ್ತಿರ ಹೋಗಿ ಏಳು, ನಡಿ ಅಂತ ಕರೆಯುವುದು ಬೇರೆ. ಕರೆಯುತ್ತಲೇ ಎತ್ತಬೇಕು, ಏಳಲಿ ಅಂತ ಕಾಯಬಾರದು.

ಊರಿಗೆ ಹೊರಡುವ ಹಿಂದಿನ ರಾತ್ರಿ ಮಗಳು ಒಂದು ಪರೀಕ್ಷೆ ಮಾಡಿದಳು. ಹುಡುಗ ಮಲಗಿ ಒಂದು ತಾಸಾಗಿತ್ತು. ಮೊದಲು ಡಬ್ಬಿಯ ಗುಂಡಿ ಒತ್ತಿದಳು, ಅದು ಕಿರುಚಿತು, ಅವನು ಮಿಸುಕಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತು, "ಏಳಪ್ಪಾ ಕಂದಾ, ಎದ್ದು ಬಾ" ಅಂತ ಕನ್ನಡದಲ್ಲಿ ಕರೆದಳು. ಎರಡನೇ ಕರೆಗೆ ಹುಡುಗ ಎದ್ದು ಕೂತ, ಕಣ್ಣು ಮುಚ್ಚಿಕೊಂಡೇ ನಡೆದು ಬಂದು ಅವಳ ಕಾಲು ತಬ್ಬಿದ. ಹಗಲೆಲ್ಲ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗ. ಒಂದು ಮನೆಯ ಒಂದು ರಾತ್ರಿಯ ಸಂಗತಿ ಇದು, ಇದನ್ನೇ ಲೆಕ್ಕ ಅಂತ ಹೇಳುವುದಿಲ್ಲ. ಆದರೆ ನಮ್ಮಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾನು ಬೇರೆ ಕಡೆ ನೋಡಿದೆ.

ಎರಡು ಭಾಷೆಯಲ್ಲಿ ನಾಲ್ಕು ಸಾಲು ಗೀಚುವವನು ನಾನು. ಮಲಗಿಸಲು ಕನ್ನಡದಲ್ಲಿ ಜೋಗುಳವಿದೆ, ತೆಲುಗಿನಲ್ಲಿ ಜೋಲಪಾಟ ಇದೆ. ದೇವರನ್ನು ಎಬ್ಬಿಸಲು ತೆಲುಗಿನವರಲ್ಲಿ ಮೇಲುಕೊಲುಪು ಹಾಡುಗಳಿವೆ. ಹೊಗೆ ತುಂಬಿದ ಕೋಣೆಯಿಂದ ಕೂಸನ್ನು ಎಬ್ಬಿಸುವ ಹಾಡು ಎರಡರಲ್ಲೂ ಇಲ್ಲ. ಇರಬೇಕಾಗಿಯೂ ಇಲ್ಲ. ಅಲ್ಲಿಗೆ ಹೋಗಿ ಕರೆಯುವ ಒಬ್ಬರಿದ್ದರೆ ಸಾಕು.

ಊರಿಗೆ ಬಂದು ಎರಡು ವರ್ಷ ದಾಟಿದರೂ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಅವ್ವ ಅಂದಿದ್ದೇ ಸರಿಯಿತ್ತಾ? ಅವಳು ಅಂದು ಮನೆಯಲ್ಲಿದ್ದು ಕರೆದಿದ್ದರೆ ತಮ್ಮ ಏಳುತ್ತಿದ್ದನಾ? ಪರೀಕ್ಷೆಯ ಲೆಕ್ಕ ನೋಡಿದರೆ ಏಳುತ್ತಿದ್ದ ಅನಿಸುತ್ತದೆ. ಈ ಮಾತು ಅವಳು ಹೋದ ಮೇಲೆ ನನಗೆ ತಿಳಿದದ್ದು ಒಳ್ಳೆಯದೇ ಆಯಿತು ಅಂತ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಮತ್ತೊಮ್ಮೆ ಆ 24 ಮಕ್ಕಳ ಲೆಕ್ಕ ನೆನಪಾಗುತ್ತದೆ. ತಾಯಿ ದನಿಗೆ ಎದ್ದವರು 23. ಹೆತ್ತವಳೇ ಕರೆದರೂ ಏಳದ ಕೂಸು ಒಂದಿತ್ತು. ಅವ್ವ ಇದ್ದಿದ್ದರೆ, ಅವಳ ಪಕ್ಕದಲ್ಲಿ ಕೂತು, ಆ ಒಂದು ಕೂಸಿನ ಕಥೆ ಹೇಳುತ್ತಿದ್ದೆ.

ಆ ಒಂದು ಕೂಸಿಗಾಗಿಯೇ ಹೇಳುತ್ತಿದ್ದೇನೆ ಬಂಧುಗಳೇ, ಕರೆದು ಕಾಯಬೇಡಿ. ಹೋಗಿ ಎತ್ತಿಕೊಳ್ಳಿ. ನಮ್ಮ ತಮ್ಮನಂಥವರ ನಿದ್ದೆಯನ್ನು ಇನ್ನು ಮೇಲೆ ಯಾರೂ ಕುಂಭಕರ್ಣನ ನಿದ್ದೆ ಅನ್ನಬೇಡಿ. ಅದು ಮಕ್ಕಳ ನಿದ್ದೆ, ಅಷ್ಟೆ.